ಡಿಕ್ಕಿಯೊಳಗಿನ ಒಂಟಿ ಸೀನು

ಇವತ್ತು ಬೆಳಿಗ್ಗೆ ಎಲ್ಲಿಗೋ ಹೊರಟು ಕಾರಿನ ಡಿಕ್ಕಿ ತೆಗೆದೆ, ಸೀನು ಬಂತು. ಒಂದೇ ಒಂದು. ನಾಲ್ಕು ವರ್ಷದಿಂದ ಹೀಗೇ. ಡಿಕ್ಕಿಯ ಹಾಸಿನಲ್ಲಿ ನಮ್ಮ ಮಾವನವರ ನಶ್ಯ ಸೇರಿಕೊಂಡಿದೆ, ಎಷ್ಟು ಕೊಡವಿದರೂ ಹೋಗುವುದಿಲ್ಲ. ಡಿಕ್ಕಿಯಲ್ಲಿ ಕೂತು ಯಾರಾದರೂ ನಶ್ಯ ಏರಿಸುತ್ತಾರೆಯೇ ಎಂದು ನೀವು ಕೇಳಬಹುದು. ಹೇಳುತ್ತೇನೆ. ನಗುವುದಾದರೆ ಮಾವನವರ ಎದುರಿಗೆ ಮಾತ್ರ ಬೇಡ.

ಕಾರು ಅವರದೇ. ಕೆಂಗೇರಿಗೆ ಮೆಟ್ರೊ ಬಂದ ಮೇಲೆ ಇನ್ನು ತಮಗೇಕೆ ಎಂದು ನನಗೆ ಕೊಟ್ಟರು. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆ ಮುಂದೆ ಮೂರು ದಿನ ನಿಂತರೆ ಸಾಕು, ಬ್ಯಾಟರಿ ಖಾಲಿ. ಹೊಸ ಬ್ಯಾಟರಿ ಹಾಕಿಸಿದರೂ ಅದೇ ಕಥೆ. ಅಳಿಯನಿಗೆ ಕಾರು ಇಟ್ಟುಕೊಳ್ಳಲು ಬರುವುದಿಲ್ಲ ಎಂದು ಮಾವನವರು ಮಗಳ ಹತ್ತಿರ ಅಂದರು. ಕೆಟ್ಟ ಕಾರನ್ನು ನನಗೆ ಸಾಗಹಾಕಿದ್ದಾರೆ ಎಂದು ನಾನು ಅದೇ ಮಗಳ ಹತ್ತಿರ ಅಂದೆ. ಎದುರಾದಾಗ ಮಾತ್ರ ಇಬ್ಬರೂ ಕಾಫಿ ಆಯಿತೇ ಎಂಬುದರಾಚೆ ಹೋಗುತ್ತಿರಲಿಲ್ಲ. ಮದುವೆಯಾಗಿ ಆರು ವರ್ಷವಾಗಿದ್ದರೂ ಆ ಮನೆಯಲ್ಲಿ ನನಗೆ ಅತಿಥಿಗಳಿಗೆಂದು ಎತ್ತಿಟ್ಟ ಬೆಳ್ಳಿ ಲೋಟದಲ್ಲೇ ಕಾಫಿ. ಗೌರವವೇ, ಒಪ್ಪುತ್ತೇನೆ. ಆದರೆ ಇನ್ನೂ ಹೊರಗಿನವನೇ ಎಂದು ನನಗೆ ಚುಚ್ಚುತ್ತಿತ್ತು.

ಕೊನೆಗೆ ಮೆಕ್ಯಾನಿಕ್ ಒಬ್ಬ, ಡಿಕ್ಕಿ ಮುಚ್ಚಿದಾಗ ಒಳಗಿನ ದೀಪ ಆರುತ್ತದೋ ಇಲ್ಲವೋ ನೋಡಿ ಎಂದ. ಫೋನಿಟ್ಟು ವಿಡಿಯೊ ತೆಗೆಯೋಣ ಎಂದೆ. ಮಾವನವರು ನಿವೃತ್ತ ಸರ್ವೆಯರ್, ಜಾಗಕ್ಕೆ ಖುದ್ದು ಇಳಿಯದೆ ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ಮಗಳಿಂದ ವಿಷಯ ತಿಳಿದು, ಮೆಟ್ರೊ ಇಳಿದು ಬಂದವರೇ ಚಪ್ಪಲಿ ಬಿಟ್ಟು ಡಿಕ್ಕಿ ಹತ್ತಿದರು. ನಾನು ಹೋಗುತ್ತೇನೆಂದರೆ, ಅಳಿಯನನ್ನು ಡಿಕ್ಕಿಗೆ ತುಂಬಿದ ಅಪವಾದ ತಮಗೆ ಬೇಡವೆಂದರು. ಮಾವನನ್ನು ತುಂಬಿದ ಅಪವಾದ ನನ್ನ ಪಾಲಿಗೆ ಬಂತು. ಮುಚ್ಚಿದೆ.

"ಉರೀತಾನೇ ಇದೆ," ಎಂದು ಒಳಗಿಂದ ದನಿ ಬಂತು. ಕಳ್ಳ ಸಿಕ್ಕಿದ ಸಂತೋಷಕ್ಕೆ ಮಾವನವರು ಅಲ್ಲೇ ಒಂದು ಚಿಟಿಕೆ ನಶ್ಯ ಏರಿಸಿ ಸೀನಿದರು. ಹೂ ಮಾರುತ್ತಾ ಬಂದ ಹೆಂಗಸು ಬುಟ್ಟಿ ಹಿಡಿದು ನಿಂತುಬಿಟ್ಟಳು.

"ಸಾರ್, ನಿಮ್ ಕಾರು ಸೀನ್ತು."

ಡಿಕ್ಕಿಗೆ ಕೈ ಹಾಕಿದೆ. ತೆಗೆಯಬೇಡಿ, ಒಂಟಿ ಸೀನು ಎಂದರು ಮಾವನವರು ಒಳಗಿಂದ. ಒಂಟಿ ಸೀನಾದರೆ ಜೋಡಿ ಸೀನು ಬರುವ ತನಕ ಹೊಸಿಲು ದಾಟುವವರಲ್ಲ ಅವರು, ಡಿಕ್ಕಿಯ ಅಂಚೂ ಅವರಿಗೆ ಹೊಸಿಲೇ. ಇನ್ನೊಂದು ಬರಿಸಲು ಹೋಗಿ ನಶ್ಯದ ಡಬ್ಬಿಯನ್ನೇ ಚೆಲ್ಲಿಕೊಂಡರು. ಐವತ್ತು ವರ್ಷ ಪಳಗಿದ ಮೂಗು, ಜಗ್ಗಲಿಲ್ಲ. ನನಗೋ ಒಳಗಿನ ಗಾಳಿಯ ಚಿಂತೆ. ಆಗ ತಗ್ಗಿದ ದನಿ ಕೇಳಿಸಿತು.

"ನನ್ ಹತ್ರ ಇದ್ದಾಗ್ಲೂ ಬ್ಯಾಟರಿ ಹೀಗೇ ಖಾಲಿ ಆಗ್ತಿತ್ತು. ಹೇಳಿದ್ರೆ ಬೇಡ ಅಂತೀರೇನೋ ಅಂತ ಹೇಳ್ಲಿಲ್ಲ. ಹೊರಗಿನೋರಿಗೆ ಮಾರೋಕೆ ಮನಸ್ಸು ಬರ್ಲಿಲ್ಲ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮುಖ ನೋಡುವ ಹಾಗಿದ್ದರೆ ಅವರು ಇದನ್ನು ಈ ಜನ್ಮದಲ್ಲಿ ಹೇಳುತ್ತಿರಲಿಲ್ಲ. ನಾನು ಬಾಗಿ, ಡಿಕ್ಕಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಜೋರಾಗಿ ಒಂದು ಸುಳ್ಳು ಸೀನು ಸೀನಿದೆ.

ನಿಮ್ಮದೇನಾ ಎಂದು ಒಳಗಿಂದ ಕೇಳಿದರು. ಹೌದೆಂದೆ. ಗಡಿಕಲ್ಲು ನೆಡುವ ಮುಂಚೆ ಯೋಚಿಸುವಷ್ಟು ಹೊತ್ತು ಯೋಚಿಸಿದರು.

"ಮನೆಯವರದ್ದು ಜೋಡಿಗೆ ಸೇರುತ್ತೆ. ತೆಗೀರಿ."

ಬಲ್ಬನ್ನು ಅವರೇ ಕಿತ್ತು ಜೇಬಿಗೆ ಹಾಕಿಕೊಂಡರು. ಬ್ಯಾಟರಿ ಮತ್ತೆ ಕೈಕೊಟ್ಟಿಲ್ಲ. ಮುಂದಿನ ಭಾನುವಾರ ಕೆಂಗೇರಿಯಲ್ಲಿ ನನ್ನ ಕಾಫಿ ಸ್ಟೀಲ್ ಲೋಟದಲ್ಲಿ ಬಂತು, ಅಂಚು ಸೊಟ್ಟಗಾದದ್ದರಲ್ಲಿ.

ಇದನ್ನೆಲ್ಲ ನಾನು ನಂಬುವವನಲ್ಲ. ಆದರೂ ಇವತ್ತು ಡಿಕ್ಕಿ ತೆರೆದಿಟ್ಟುಕೊಂಡೇ ಕೆಂಗೇರಿಗೆ ಫೋನ್ ಮಾಡಿ, ಒಂಟಿ ಸೀನು ಬಂತು ಮಾವ ಎಂದೆ. ಡಾಕ್ಟರು ನಶ್ಯ ಬಿಡಿಸಿದ್ದಾರೆ, ಪಾಪ. ಮಾವನವರು ಏಕೆ, ಏನು ಎಂದು ಕೇಳಲಿಲ್ಲ. ಬರೆದಿಟ್ಟದ್ದನ್ನು ಓದಿದ ಹಾಗೆ "ಆಕ್ಷಿ" ಎಂದರು.

"ಸೇರ್ತು. ಹೊರಡಪ್ಪ."