ಪ್ಲೇಟಿನಲ್ಲಿಲ್ಲದ ತೊಟ್ಟಿಲುಗುಂಡು

ಇದನ್ನು ಓದಿ ಕೆಲವರು ನಗುತ್ತೀರಿ, ಕೆಲವರು ಕೈಮುಗಿಯುತ್ತೀರಿ. ನನಗೆ ಎರಡೂ ಬೇಡ. ನಾನು ಮದರಾಸಿನ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನು. ಶಕುನ, ಗ್ರಹಚಾರ ಎಂದು ಬಾಯಿ ತೆಗೆದವರನ್ನು ಮುಖ ಮುರಿಯುವಂತೆ ಮಾತಾಡಿ ಕಳಿಸುತ್ತಿದ್ದೆ. ಇವತ್ತಿಗೂ ಅವನ್ನು ನಂಬುವುದಿಲ್ಲ. ಆದರೆ ನನ್ನ ಹತ್ತಿರ ಒಂದು ಗಾಜಿನ ಪ್ಲೇಟು ಇದೆ. ಅದರಲ್ಲಿರುವುದು ಏನೆಂದು ಇಷ್ಟು ವರ್ಷವಾದರೂ ನನಗೆ ಹೇಳಲಾಗಿಲ್ಲ.

ಮದರಾಸಿನ ಸರಕಾರವಿದ್ದ ಕಾಲ ಅದು. ನಾನು ಮಡಕಶಿರದಲ್ಲಿ ಮೇಷ್ಟರಾಗಿದ್ದೆ. ನನ್ನ ಅಕ್ಕನನ್ನು ರಾಯದುರ್ಗಕ್ಕೆ ಕೊಟ್ಟಿದ್ದರು. ಅವರ ಮನೆ ಬೆಟ್ಟದ ಬುಡದಲ್ಲಿತ್ತು. ಹಿತ್ತಲಿನ ಗೋಡೆ ಮುಗಿದಲ್ಲಿಂದಲೇ ಕಲ್ಲುಗುಂಡುಗಳು ಒಂದರ ಮೇಲೊಂದು ಏರುತ್ತ ಹೋಗುತ್ತಿದ್ದವು. ತೀರ ಮೇಲೆ, ಬೆಟ್ಟದ ಅಂಚಿನಲ್ಲಿ, ತೂಗುವ ತೊಟ್ಟಿಲಿನಂತೆ ಒಂದು ಬಂಡೆ ಕೂತಿತ್ತು. ಅದನ್ನು ಎಲ್ಲರೂ ತೊಟ್ಟಿಲುಗುಂಡು ಎನ್ನುತ್ತಿದ್ದರು.

ಆ ವರ್ಷ ಸಂಜೆಯ ಪಡುವಣದಲ್ಲಿ ಗುರು ಮತ್ತು ಶುಕ್ರ ಬಹಳ ಹತ್ತಿರ ಬರುವುದಿತ್ತು. ನನ್ನ ಹತ್ತಿರ ಮದರಾಸಿನ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡ ಹಿತ್ತಾಳೆಯ ದೂರದರ್ಶಕವಿತ್ತು. ಅದರ ಹಿಂಬದಿಗೆ ಕ್ಯಾಮೆರಾದ ಪೆಟ್ಟಿಗೆ ಸಿಕ್ಕಿಸಿ ಫೋಟೋ ತೆಗೆಯುವುದನ್ನು ನಾನೇ ಕಲಿತಿದ್ದೆ. ಅಕ್ಕನ ಮನೆಯ ಹಿತ್ತಲಿನಿಂದ ಬೆಟ್ಟದ ಅಂಚು ಪಡುವಣಕ್ಕೇ ಇದ್ದುದರಿಂದ, ಎರಡು ಗ್ರಹಗಳನ್ನೂ ತೊಟ್ಟಿಲುಗುಂಡನ್ನೂ ಒಂದೇ ಚಿತ್ರದಲ್ಲಿ ಹಿಡಿಯುವ ಆಸೆಯಾಗಿ, ರಜೆ ಹಾಕಿ ರಾಯದುರ್ಗಕ್ಕೆ ಹೋದೆ. ಚಿತ್ರ ಮೂಡುವ ಗಾಜಿನ ಪ್ಲೇಟುಗಳನ್ನು ಬಳ್ಳಾರಿಯಿಂದ ತರಿಸಿದ್ದೆ, ಎರಡೇ ಎರಡು.

ಭಾವ ಕಣೇಕಲ್ಲಿಗೆ ಕೆಲಸದ ಮೇಲೆ ಹೋಗಿದ್ದರು. ಮನೆಯಲ್ಲಿದ್ದವರು ಅಕ್ಕ ಮತ್ತು ಅವಳ ಅತ್ತೆ. ಅಕ್ಕನಿಗೆ ಆಗ ಏಳು ತಿಂಗಳು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ನಿಂತ ಬಸಿರು. ಅತ್ತೆಮ್ಮ ಅವಳನ್ನು ಹೊಸಲು ದಾಟಲೂ ಬಿಡುತ್ತಿರಲಿಲ್ಲ.

ನನ್ನ ಪೆಟ್ಟಿಗೆಗೆ ಶಟರ್ ಇರಲಿಲ್ಲ. ನಾನು ಮುಚ್ಚಳ ತೆಗೆದು ಹಿಡಿದುಕೊಳ್ಳುವುದು, ಇನ್ನೊಬ್ಬರು ಹನ್ನೆರಡರವರೆಗೆ ಎಣಿಸುವುದು, ನಾನು ಮುಚ್ಚುವುದು. ಒಂದೇ ಹದದಲ್ಲಿ ಎಣಿಸುವುದು ಅಕ್ಕನಿಗೆ ಬರುತ್ತಿದ್ದ ಹಾಗೆ ಇನ್ನಾರಿಗೂ ಬರುತ್ತಿರಲಿಲ್ಲ. ಅವಳನ್ನು ಹಿತ್ತಲಿಗೆ ಕರೆದದ್ದೇ ತಡ, ಅತ್ತೆಮ್ಮ ಬಾಗಿಲಿಗೆ ಅಡ್ಡ ನಿಂತರು.

“ಏನಪ್ಪ ಮೇಷ್ಟ್ರೆ, ಎರಡು ಚುಕ್ಕಿ ಕೂಡೋ ಹೊತ್ತಿನಾಗ ಬಸರಿ ಹೆಂಗಸನ್ನ ಬಯಲಾಗ ನಿಂದ್ರಸ್ತೀಯಲ್ಲ, ಇದನ್ನೇನು ಮದ್ರಾಸಿನಾಗ ಕಲ್ಸಿದ್ರು?”

“ಅವು ಕೂಡೋದೂ ಇಲ್ಲ, ಏನೂ ಇಲ್ಲ ಅತ್ತೆಮ್ಮ. ಒಂದ್ರಿಂದ ಒಂದು ಕೋಟಿಗಟ್ಲೆ ಮೈಲಿ ದೂರ ಅವೆ,” ಎಂದೆ.

“ದೂರ ಇದ್ರ ದೂರ ಇರ್ಲಿ. ನನ್ನ ಸೊಸಿ ನನಗ ಹತ್ರ ಐದಾಳ.”

ಅಕ್ಕ ನಕ್ಕು, ಸೆರಗು ಹೊದ್ದು ಬಂದಳು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ದೂರದರ್ಶಕದ ಮೂರು ಕಾಲುಗಳನ್ನೂರಿ, ಮರುದಿನವೂ ಅಲ್ಲೇ ಇಡಬೇಕೆಂದು ಸುಣ್ಣದಿಂದ ಗುರುತು ಹಾಕಿದೆ. ಮೂರು ದಿನ ಮಳೆ ಬಿದ್ದು ಆಕಾಶ ತೊಳೆದಿಟ್ಟಂತಿತ್ತು. ಪೆಟ್ಟಿಗೆಯ ಮಸುಕು ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಂಡಿತು: ಎರಡು ಗ್ರಹ, ಬೆಟ್ಟದ ಅಂಚು, ಮೂಲೆಯಲ್ಲಿ ತೊಟ್ಟಿಲುಗುಂಡು. ಗುಂಡು ಸರಿಯಾಗಿ ಮೂಲೆಗೆ ಬರಲೆಂದು ಎರಡು ಸಲ ಕೊಳವೆ ಸರಿಸಿದ್ದು ನನಗೆ ಇಂದಿಗೂ ನೆನಪಿದೆ. ಅಕ್ಕ ಕಲ್ಲಿಗೆ ಒರಗಿ ನಿಂತು ಹನ್ನೆರಡು ಎಣಿಸಿದಳು.

ಊಟವಾದ ಮೇಲೆ ಉಗ್ರಾಣದಲ್ಲಿ ಲಾಟೀನಿಗೆ ಕೆಂಪು ಬಟ್ಟೆ ಸುತ್ತಿ, ಚಿತ್ರ ಮೂಡಿಸುವ ಮದ್ದಿನ ನೀರಿನಲ್ಲಿ ಪ್ಲೇಟು ತೊಳೆದೆ. ಎರಡು ಕಪ್ಪು ಚುಕ್ಕೆಗಳು ಸೂಜಿಯಿಂದ ಚುಚ್ಚಿದಷ್ಟು ಚೊಕ್ಕವಾಗಿ ಮೂಡಿದ್ದವು. ಪ್ಲೇಟಿನಲ್ಲಿ ಬೆಳಕು ಕಪ್ಪಾಗಿ, ಕತ್ತಲೆ ಬಿಳಿಯಾಗಿ ಬರುತ್ತದೆ. ನಾನು ನೋಡಿದ್ದು ಆ ಎರಡು ಚುಕ್ಕೆಗಳನ್ನು ಮಾತ್ರ. ನನ್ನ ತಪ್ಪು ಅದೇ.

ಬೆಳಿಗ್ಗೆ ಹೆಮ್ಮೆಯಿಂದ ಅತ್ತೆಮ್ಮನ ಕೈಗೆ ಕೊಟ್ಟೆ. ಅವರು ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಗುಂಡು ಎಲ್ಲೈತಪ್ಪ?”

ಇಸಿದುಕೊಂಡು ನೋಡಿದೆ. ಬೆಟ್ಟದ ಅಂಚು ಇತ್ತು. ತೊಟ್ಟಿಲುಗುಂಡು ಇರಲಿಲ್ಲ. ಅದು ಕೂತಿರಬೇಕಾದ ಜಾಗದಲ್ಲಿ, ಹಲ್ಲು ಬಿದ್ದ ವಸಡಿನಂತೆ ಸಣ್ಣ ತಗ್ಗು. ತಲೆ ಎತ್ತಿದರೆ, ಬೆಟ್ಟದ ಮೇಲೆ ಗುಂಡು ಬೆಳಗಿನ ಬಿಸಿಲಲ್ಲಿ ಎಂದಿನ ಹಾಗೆ ಕೂತಿದೆ.

“ನಿನ್ನ ಕೊಳವಿ ನುಂಗಿಬಿಡ್ತೇನು?” ಎಂದು ಅತ್ತೆಮ್ಮ ನಕ್ಕರು. ಆದರೆ ಆ ನಗು ಅರ್ಧಕ್ಕೇ ನಿಂತಿತು. “ಇವತ್ತು ಆಕಿನ್ನ ಹೊರಗ ಕರೀಬ್ಯಾಡಪ್ಪ. ಕೈಮುಗಿತೀನಿ.”

ನನಗೆ ಸಿಟ್ಟು ಬಂತು. ಹೆದರಿಕೆಯಲ್ಲ, ಸಿಟ್ಟು. ಕೊಳವೆ ಸ್ವಲ್ಪ ಸರಿದಿರಬೇಕು, ನಿಂತ ಜಾಗ ಬದಲಾದರೆ ಗುಂಡು ಅಂಚಿನ ಹಿಂದೆ ಮರೆಯಾಗುತ್ತದೆ ಎಂದು ವಾದಿಸಿದೆ. “ಇವತ್ತು ಒಗೆಯೋ ಕಲ್ಲು ಬಿಟ್ಟು, ಬಾವಿ ಮೂಲೆಯಿಂದ ತೆಗೀತೀನಿ. ಜಾಗ ಬದಲಾದ್ರೆ ಚಿತ್ರ ಹೆಂಗ್ ಬದಲಾಗ್ತದೆ ಅಂತ ನಿಮ್ಮ ಕಣ್ಣಿಗೇ ತೋರಿಸ್ತೀನಿ. ಅಕ್ಕಾನೇ ಎಣಿಸ್ತಾಳೆ,” ಎಂದೆ. ಅತ್ತೆಮ್ಮ ಎದ್ದು ಒಳಗೆ ಹೋದರು.

ಸಂಜೆ ದೂರದರ್ಶಕವನ್ನು ಬಾವಿಯ ಕಟ್ಟೆಯ ಮೇಲಿಟ್ಟೆ. ಒಗೆಯುವ ಕಲ್ಲಿಗೂ ಬಾವಿಗೂ ಇಪ್ಪತ್ತು ಹೆಜ್ಜೆ. ಗ್ರಹಗಳು ಹಿಂದಿನ ದಿನಕ್ಕಿಂತ ಬಹಳ ಹತ್ತಿರ ಬಂದಿದ್ದವು. ನಿನ್ನೆ ನಡುವೆ ಎರಡು ಚಂದ್ರರು ಹಿಡಿಸುವಷ್ಟು ಜಾಗವಿತ್ತು, ಇಂದು ಅರ್ಧ ಚಂದ್ರನೂ ಹಿಡಿಸುತ್ತಿರಲಿಲ್ಲ. ಮಸುಕು ಗಾಜಿನಲ್ಲಿ ನೋಡಿದೆ. ಬಾವಿ ಮೂಲೆಯಿಂದಲೂ ಗುಂಡು ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ವಾದ ತಪ್ಪಾಗಿತ್ತು. ಅದನ್ನು ಅಕ್ಕನಿಗೆ ಹೇಳದೆ, ಪ್ಲೇಟು ಹಾಕಿ ಮುಚ್ಚಳ ತೆಗೆದೆ.

ಅಕ್ಕ ಎಣಿಸತೊಡಗಿದಳು. ಆರು ಎಂದಾಗ ಮೇಲೆಲ್ಲೋ ತುಂಬಿದ ಬಂಡಿ ಹೊರಳಿದಂಥ ಸದ್ದು. ಏಳು ಎಂದಾಗ ಕಾಲ ಕೆಳಗಿನ ನೆಲ ನಡುಗಿತು. ಆಮೇಲಿನದು ನಾನು ಕಣ್ಣಿನಿಂದ ಕಂಡದ್ದಲ್ಲ. ಗಾಳಿಯ ಒಂದು ಹೊಡೆತ, ಹಿತ್ತಲಿನ ಗೋಡೆ ಸಿಡಿದ ಶಬ್ದ, ಬಾಯಿ ತುಂಬ ಧೂಳು. ಆ ಧೂಳಿನೊಳಗಿನಿಂದ ಅಕ್ಕನ ದನಿ ಬರುತ್ತಲೇ ಇತ್ತು: ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ನನ್ನ ಕೈ ಮುಚ್ಚಳ ಹಾಕಿತು. ಆಮೇಲೆ ಅವಳು ಬಾವಿಕಟ್ಟೆಗೆ ಒರಗಿ ಕುಸಿದು ಕೂತು, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು. “ಒದೀತಾ ಐತೆ ಕಣೋ,” ಎಂದಳು.

ತೊಟ್ಟಿಲುಗುಂಡು ಒಗೆಯುವ ಕಲ್ಲನ್ನು ಎರಡು ಹೋಳು ಮಾಡಿ, ಅಡಿಗೆಮನೆಯ ಗೋಡೆಗೆ ಒಂದು ಮೊಳ ಬಿಟ್ಟು ನಿಂತಿತ್ತು. ಒಂದು ಹೋಳಿನ ಮೇಲೆ ನನ್ನ ಸುಣ್ಣದ ಗುರುತು ಎರಡು ಉಳಿದಿದ್ದವು. ಸಿಡಿದ ಚೂರೊಂದು ಕಿಟಕಿ ಮುರಿದು ಒಳಗೆ ನುಗ್ಗಿ, ಒಲೆಯ ಪಕ್ಕದ ಮಣೆಯನ್ನು ಪುಡಿಮಾಡಿತ್ತು. ಅಕ್ಕ ದಿನಾ ಆ ಹೊತ್ತಿಗೆ ಕೂರುತ್ತಿದ್ದ ಮಣೆ ಅದು. ನಡುಮನೆಯಲ್ಲಿ ದೀಪ ಹಚ್ಚುತ್ತಿದ್ದ ಅತ್ತೆಮ್ಮ ಓಡಿ ಬಂದು ಮೊದಲು ಸೊಸೆಯನ್ನು ತಬ್ಬಿಕೊಂಡರು. ಆಮೇಲೆ ನನ್ನ ಕೆನ್ನೆಗೆ ಒಂದು ಬಿಟ್ಟರು. ಆಮೇಲೆ ನನ್ನನ್ನೂ ತಬ್ಬಿಕೊಂಡರು.

ಗುಂಡು ಬಿದ್ದದ್ದಕ್ಕೆ ಕಾರಣವಿದೆ. ಮೂರು ದಿನದ ಮಳೆಗೆ ಬುಡದ ಮಣ್ಣು ಸಡಿಲಿತ್ತು. ಅದನ್ನು ಯಾರು ಬೇಕಾದರೂ ಒಪ್ಪಬಹುದು. ನನ್ನ ಜಗಳ ಪ್ಲೇಟಿನ ಜೊತೆ.

ಮೊದಲ ಪ್ಲೇಟನ್ನು ಮಡಕಶಿರಕ್ಕೆ ತಂದು ತೋರಿಸಿದಾಗ ನಮ್ಮ ಹೆಡ್‌ಮೇಷ್ಟ್ರು, “ಗುಂಡು ಬಿದ್ದ ಮ್ಯಾಲೆ ತೆಗ್ದಿರೋದು ಕಣಯ್ಯ ಇದು. ಗಾಬರೀಲಿ ಅದಲು ಬದಲು ಮಾಡ್ಕಂಡಿದೀಯ,” ಎಂದರು. ನಾನು ಆ ಚುಕ್ಕೆಗಳ ನಡುವಿನ ಅಂತರ ಅಳೆದು ತೋರಿಸಿದೆ. ಎರಡು ಚಂದ್ರರಷ್ಟು. ಅಂದರೆ ಅದು ಮೊದಲ ಸಂಜೆಯದೇ. ಗ್ರಹಗಳು ಒಂದನ್ನೊಂದು ದಾಟಿದ ಮೇಲೆ ಮತ್ತೆ ಅಷ್ಟೇ ದೂರವಾದದ್ದು ನಿಜ, ಆದರೆ ಆಗ ಶುಕ್ರ ಮೇಲೆ, ಗುರು ಕೆಳಗೆ. ನನ್ನ ಪ್ಲೇಟಿನಲ್ಲಿ ಗುರುವೇ ಮೇಲೆ. ಎರಡನೆಯ ಪ್ಲೇಟೂ ಇದೆ. ನೆಲ ನಡುಗಿದ್ದಕ್ಕೆ ಅದರಲ್ಲಿ ಗ್ರಹಗಳು ಕೋಳಿ ಕೆರೆದಂತೆ ಗೀರುಗಳಾಗಿವೆ. ಮೊದಲ ಪ್ಲೇಟಿನಲ್ಲಿ ಗ್ರಹಗಳು ಮೊದಲ ಸಂಜೆಯವು, ಬೆಟ್ಟ ಮರುದಿನದ್ದು. ಆ ತಗ್ಗು ಇವತ್ತಿನ ಬೆಟ್ಟಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತದೆ. ಹೆಡ್‌ಮೇಷ್ಟ್ರು ಅದನ್ನು ಅರ್ಧ ಗಂಟೆ ಹಿಡಿದು ನೋಡಿ ವಾಪಸು ಕೊಟ್ಟರು. ಅದೇ ಪೆಟ್ಟಿಗೆಯಿಂದ ಮಡಕಶಿರದ ಬೆಟ್ಟವನ್ನು ಎಷ್ಟೋ ಸಲ ತೆಗೆದು ನೋಡಿದೆ. ಇದ್ದದ್ದು ಇದ್ದ ಹಾಗೇ ಬಂತು.

ಪ್ಲೇಟನ್ನು ಬಾವಿಗೆ ಹಾಕು ಎಂದು ಅತ್ತೆಮ್ಮ ಸಾಯುವವರೆಗೂ ಹೇಳಿದರು. ಹಾಕಲಿಲ್ಲ. ದೇವರು ಕಾಪಾಡಿದ ಎಂದವರಿಗೆ ನಾನು ಹೇಳುವುದು ಇಷ್ಟೇ: ನಾನು ಜಾಗ ಬದಲಿಸಿದ್ದು ಭಕ್ತಿಯಿಂದಲ್ಲ, ಹಟದಿಂದ. ಎಲ್ಲ ಸುಳ್ಳು ಎನ್ನುವವರಿಗೆ ಹೇಳುವುದೂ ಇಷ್ಟೇ: ಬನ್ನಿ, ಪ್ಲೇಟನ್ನು ಬಿಸಿಲಿಗೆ ಹಿಡಿಯಿರಿ.

ಅಂದು ಹೊಟ್ಟೆಯಲ್ಲಿದ್ದ ಅಕ್ಕನ ಮಗಳಿಗೆ ಈಗ ಮದುವೆಯಾಗಿದೆ. ಈಗಲೂ ಗ್ರಹಗಳು ಜೋಡಿಯಾದಾಗ ನನ್ನ ಹಿತ್ತಲಿಗೆ ಬಂದು, ಅವರಮ್ಮನ ಹದದಲ್ಲೇ ಹನ್ನೆರಡು ಎಣಿಸುತ್ತಾಳೆ. ನಾನು ಬೇಡ ಎನ್ನುವುದಿಲ್ಲ. ಆದರೆ ಹಿಂದಿನ ಸಂಜೆ ತಪ್ಪದೆ ಒಂದು ಪ್ಲೇಟು ತೆಗೆದು, ಬೆಳಿಗ್ಗೆ ಬಿಸಿಲಿಗೆ ಹಿಡಿಯುತ್ತೇನೆ. ಗೋಡೆ ಇದೆಯೇ, ಮರ ಇದೆಯೇ, ಸೂರು ಇದೆಯೇ ಎಂದು ಒಂದೊಂದಾಗಿ ನೋಡುತ್ತೇನೆ. ಗ್ರಹಗಳನ್ನು ನೋಡುವುದು ಎಲ್ಲದರ ಕೊನೆಗೆ.