ವೀಳ್ಯದೆಲೆಯಲ್ಲಿ ಯಾರೂ ಇರಲಿಲ್ಲ

ಆ ದಿನ ಅಂಜನದಲ್ಲಿ ನನಗೆ ಯಾರೂ ಕಾಣಿಸಲಿಲ್ಲ. ಬಾರ್ಕೂರಿನ ನಮ್ಮ ಮನೆಯ ಚಾವಡಿಯಲ್ಲಿ, ಊರಿನ ಹಿರಿಯರ ಎದುರು, "ಸುಶೀಲಕ್ಕ ಕಾಂತ್ಲ್", ಸುಶೀಲಕ್ಕ ಕಾಣುತ್ತಾಳೆ, ಎಂದು ನಾನು ಹೇಳಿದ್ದು ಶುದ್ಧ ಸುಳ್ಳು. ಇಷ್ಟು ಬರೆಯಲು ನನಗೆ ನಲವತ್ತು ವರ್ಷ ಬೇಕಾಯಿತು — ಥೂ, ಇದೂ ಒಂದು ಬಾಳೇ!

ಅಜ್ಜಯ್ಯನ ಬಳಿ ಅಂಜನಶಾಸ್ತ್ರದ ಒಂದು ಕಡತವಿತ್ತು. ತಲೆಮಾರುಗಳಿಂದ ಕೈಬರಹದಲ್ಲಿ ನಕಲಾಗುತ್ತ ಬಂದದ್ದು. ಊರಲ್ಲಿ ಏನೇ ಕಳವಾದರೂ ಜನ ನಮ್ಮ ಮನೆಗೇ ಬರುತ್ತಿದ್ದರು. ವೀಳ್ಯದೆಲೆಗೆ ಕಪ್ಪು ಅಂಜನ ಸವರಿ ದೀಪದ ಮುಂದೆ ಹಿಡಿದರೆ ಅದರಲ್ಲಿ ಕಳ್ಳನ ಮುಖ ಮೂಡುತ್ತದೆಂಬ ನಂಬಿಕೆ. ಎಲ್ಲರ ಕಣ್ಣಿಗೂ ಅಲ್ಲ, ಕಾಲು ಮುಂದಾಗಿ ಹುಟ್ಟಿದವರಿಗೆ ಮಾತ್ರ. ಮನೆಯಲ್ಲಿ ಹಾಗೆ ಹುಟ್ಟಿದವಳು ನಾನೊಬ್ಬಳೇ. ಹತ್ತು ವರ್ಷದವಳಿಗೆ ಅದೆಂಥ ಜಂಬ!

ಚಿಕ್ಕಮ್ಮನ ಕಿವಿಯ ಒಂದು ಬೆಂಡೋಲೆ ಕಾಣೆಯಾದಾಗ ಅಜ್ಜಯ್ಯ ನನ್ನನ್ನು ಎಲೆಯ ಮುಂದೆ ಕೂರಿಸಿದರು. ದಿಟ್ಟಿಸಿದೆ. ಕಪ್ಪು, ಬರೀ ಕಪ್ಪು. ಮೊದಲು ಒಬ್ಬ ಬಂದು ನೆಲ ಗುಡಿಸುತ್ತಾನೆ, ಆಮೇಲೆ ಕುರ್ಚಿ ಬರುತ್ತದೆ, ಅದರಲ್ಲಿ ಹನುಮಂತ ಕೂರುತ್ತಾನೆ ಎಂದು ಅವರಿವರಿಂದ ಕೇಳಿದ್ದೆ. ಅದನ್ನೇ ಪಾಠದಂತೆ ಒಪ್ಪಿಸಿದೆ.

"ಇನ್ನ್ ಹನುಮಂತನ್ನ್ ಕೇಳ್ ಹೆಣೆ, ಬೆಂಡೋಲಿ ತೆಗ್ದದ್ದ್ ಯಾರ್?" ಎಂದರು ಅಜ್ಜಯ್ಯ ನನಗೆ.

ಹೆಸರು ತಾನಾಗಿ ಬಾಯಿಗೆ ಬರಲಿಲ್ಲ. ನಾನು ಆರಿಸಿದೆ. ಸುಶೀಲಕ್ಕ ನಮ್ಮಲ್ಲಿ ಭತ್ತ ಕುಟ್ಟಲು ಬರುತ್ತಿದ್ದವಳು, ನನ್ನ ತಲೆ ಬಾಚಿ ಅಬ್ಬಲಿಗೆ ಹೂ ಮುಡಿಸುತ್ತಿದ್ದವಳು. ಆದರೆ ಹಿಂದಿನ ವಾರ ನಾನು ಬೆಲ್ಲ ಕದ್ದು ತಿಂದದ್ದನ್ನು ಅಮ್ಮನಿಗೆ ಹೇಳಿ ನನಗೆ ಪೆಟ್ಟು ಕೊಡಿಸಿದ್ದಳು. ಕದ್ದವಳು ನಾನು — ನಿಜ ಹೇಳಿದ ತಪ್ಪಿಗೆ ಕಳ್ಳಿಯಾದವಳು ಅವಳು.

"ದೇವ್ರಾಣಿ ನಾ ಮುಟ್ಲಿಲ್ಲ ಅಯ್ಯಾ" ಎಂದಳು, ಬಾಗಿಲ ಬಳಿ ನಿಂತು.

"ಮಕ್ಳ್ ಸುಳ್ಳ್ ಹೇಳ್ತ್ವಾ?" ಎಂದರು ಅಜ್ಜಯ್ಯ.

ಅಲ್ಲಿಗೆ ಮುಗಿಯಿತು. ಮತ್ತೆ ಯಾವ ಮನೆಯವರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ಗೊತ್ತಾಗಿದ್ದ ಮದುವೆ ಮುರಿಯಿತು. ನಾವುಂದದಲ್ಲಿದ್ದ ಅಕ್ಕನ ಮನೆ ಸೇರಿದವಳು ಬಾರ್ಕೂರಿಗೆ ಮತ್ತೆ ಕಾಲಿಡಲಿಲ್ಲ.

ಮರುವರ್ಷ ಮಳೆಗಾಲದಲ್ಲಿ ಹುಲ್ಲು ಸುತ್ತಿ ಕಟ್ಟಿಟ್ಟಿದ್ದ ಹಳೆಯ ಅಕ್ಕಿಮುಡಿ ಬಿಚ್ಚಿದೆವು. ನಾನು ಅಳೆಯುತ್ತಿದ್ದ ಸೇರಿನೊಳಗೆ ಅಕ್ಕಿಯ ಜೊತೆ ಬೆಂಡೋಲೆ ಬಿತ್ತು! ಮುಡಿ ಕಟ್ಟುವಾಗ ಬಗ್ಗಿ ಅಕ್ಕಿ ಸುರಿದವಳು ಚಿಕ್ಕಮ್ಮನೇ. ಓಡಿಹೋಗಿ ಅಜ್ಜಯ್ಯನ ಕೈಗೆ ಕೊಟ್ಟೆ. ಎಲೆಯಲ್ಲಿ ಏನೂ ಕಂಡಿರಲಿಲ್ಲವೆಂದೂ ಹೇಳಿಬಿಟ್ಟೆ. ಅವರು ಬೆಂಡೋಲೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು.

"ಬಾಯ್ ಬಿಡ್ಬೇಡ ಹೆಣೆ. ಕಡತದ್ ಮರ್ಯಾದಿ ಹೋತ್ತ್."

ನನಗೂ ಅದೇ ಬೇಕಿತ್ತು. ಅಜ್ಜಯ್ಯ ಹೋಗಿ ಎಷ್ಟೋ ಕಾಲವಾಯಿತು. ಆಮೇಲೆ ನನ್ನ ಬಾಯಿಗೆ ಬೀಗ ಹಾಕಿದವರು ಯಾರು?

ಕಳೆದ ತಿಂಗಳು ಹಳೆಯ ಹಸ್ತಪ್ರತಿಗಳ ಫೋಟೊ ತೆಗೆಯುವವರು ಮನೆಗೆ ಬಂದರು. ಕಡತ ಸುತ್ತಿದ್ದ ಬಟ್ಟೆ ಬಿಚ್ಚಿದಾಗ ಬೆಂಡೋಲೆ ಉರುಳಿತು. ಅಜ್ಜಯ್ಯ ಅದನ್ನು ಅಲ್ಲೇ ಬಚ್ಚಿಟ್ಟಿದ್ದರು. ಇದೇನೆಂದು ಕೇಳಿದರೆ "ಪೂಜಿಗ್ ಇಟ್ಟದ್ದ್" ಎಂದೆ. ಅವರಲ್ಲೊಬ್ಬ ಹುಡುಗಿ ಒಂದು ಪುಟ ಓದಿ ಹೇಳಿದಳು — ನೋಡುವವರಿಗೆ ಏನೂ ಕಾಣದಿದ್ದರೆ ಎಲೆ ತೊಳೆದುಬಿಡಬೇಕು, ಒತ್ತಾಯಿಸಬಾರದು ಎಂದಿದೆಯಂತೆ. ಕಾಣುವುದಿಲ್ಲ ಎನ್ನಲು ಕಡತವೇ ದಾರಿ ಬಿಟ್ಟಿತ್ತಲ್ಲ! "ನೀವು ನೋಡಿದ್ದೀರಾ ಅಮ್ಮಾ?" ಎಂದು ಅವಳು ಮೊಬೈಲ್ ಹಿಡಿದಳು. "ಹ್ಞಾಂ, ಕಂಡಿದೆ" ಎಂದೆ. ಐವತ್ತು ದಾಟಿದ ಮೇಲೂ — ಅದೇ ನಾಲಗೆ.

ಒಂದು ವಾರ ತಳ್ಳಿದೆ. ಕೊನೆಗೆ ಬೆಂಡೋಲೆ ಹಿಡಿದು ಬಸ್ ಹತ್ತಿದೆ. ತ್ರಾಸಿಯಲ್ಲಿ ಕಡಲು ಕಂಡಾಗ ಇಳಿದು ಹಿಂತಿರುಗೋಣ ಅನ್ನಿಸಿತು, ಸುಳ್ಳೇಕೆ ಹೇಳಲಿ. ನಾವುಂದದಲ್ಲಿ ಸುಶೀಲಕ್ಕ ಜಗಲಿಯಲ್ಲಿ ಕೂತು ಬೂತಾಯಿ ಮೀನು ಶುಚಿ ಮಾಡುತ್ತಿದ್ದಳು. ಮದುವೆಯೇ ಆಗಿಲ್ಲವಂತೆ. ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ನಾ ಕದೀಲಿಲ್ಲ ಅಂದೇಳಿ ನಂಗ್ ಗೊತ್ತಿತ್ತಲೆ. ಅದನ್ನ್ ನಂಗ್ ಹೇಳುಕೆ ಇಷ್ಟ್ ದೂರ ಬಂದ್ಯಾ? ನಿಮ್ಮ್ ಊರಿನವ್ರಿಗ್ ಹೇಳ್, ಹೋಗ್."

ನಾನು ಬೆಂಡೋಲೆ ಮುಂದೆ ಚಾಚಿದೆ. ಏಕೆ ಚಾಚಿದೆನೋ, ನನಗೇ...

"ಅದನ್ನ್ ನಾ ಅವತ್ತೂ ಮುಟ್ಲಿಲ್ಲ, ಇವತ್ತೂ ಮುಟ್ಟುದಿಲ್ಲ."

ಕ್ಷಮೆ ಕೇಳದೆಯೇ ಬಸ್ ಹತ್ತಿ ಹಿಂತಿರುಗಿದೆ. ಅದಕ್ಕೇ ಇದನ್ನು ಬರೆದೆ. ಬಾರ್ಕೂರಿನವರೇ, ಸುಶೀಲಕ್ಕ ಕದ್ದಿರಲಿಲ್ಲ. ಅಜ್ಜಯ್ಯ ಕೇಳಿದ್ದು ತಪ್ಪಿರಬಹುದು, ಹೆಸರು ಹೇಳಿದ ಬಾಯಿ ನನ್ನದೇ. ಬರುವ ಭಾನುವಾರ ಅದೇ ಚಾವಡಿಗೆ ನೆಂಟರನ್ನೂ ನೆರೆಯವರನ್ನೂ ಕರೆದಿದ್ದೇನೆ. ಬೆಂಡೋಲೆಯನ್ನು ನಡುವೆ ಇಟ್ಟು ಇದನ್ನೇ ಗಟ್ಟಿಯಾಗಿ ಓದುತ್ತೇನೆ.

ಸುಶೀಲಕ್ಕನನ್ನು ಕರೆದಿಲ್ಲ. ಕರೆಯಲು ನನಗೆ ಮುಖವಿಲ್ಲ.