ಒಂದು ಪ್ಲೇಟ್ ಚಿಂತೆ ಚಿಗುರು

ಕೊಂಡಪ್ಪ ಚಿಂತಾಮಣಿಯಿಂದ ಮುರುಗಮಲ್ಲಕ್ಕೆ ಹೋಗೋ ರೋಡಲ್ಲಿ ಹೋಟೆಲ್ ಇಟ್ಟಿದ್ದು ಎರಡು ಸಾವಿರದ ಆರರಲ್ಲಿ, ಸಂಕ್ರಾಂತಿ ಆದ್ಮೇಲೆ. ಆಗ ಆ ರೋಡಲ್ಲಿ ಇಷ್ಟೊಂದು ಗಾಡಿ ಎಲ್ಲಿತ್ತು! ಆರೇ ಆರು ಟೇಬಲ್ಲು, ಮುಂದೆ ಒಂದು ಹೊಂಗೆ ಮರ, ಅದರ ನೆರಳು, ಅಷ್ಟೇ.

ಅದಕ್ಕೆ ಮುಂಚೆ ಇಪ್ಪತ್ತು ವರ್ಷ ಬೆಂಗಳೂರಿನ ದೊಡ್ಡ ಹೋಟೆಲ್ ಕಿಚನ್ನುಗಳಲ್ಲಿ ಈರುಳ್ಳಿ ಹೆಚ್ಚೋದ್ರಿಂದ ಶುರು ಮಾಡಿ, ಉದ್ದ ಬಿಳಿ ಟೋಪಿ ಹಾಕ್ಕೊಳೋ ಚೆಫ್ ಆಗಿದ್ದ. ಯಾರ್ಯಾರಿಗೋ ಪಾಸ್ತಾ ಬೇಯಿಸ್ತಾ ಇದ್ದೋನಿಗೆ ಒಂದಿನ ಅಮ್ಮ ಬೇಳೆ ಜೊತೆ ಬೇಯಿಸಿ ಮಾಡೋ ಹುಣಸೆ ಚಿಗುರಿನ ಪಪ್ಪು ಎಷ್ಟು ನೆನಪಾಯ್ತು ಅಂದ್ರೆ, ಮೂರು ಮಾರ್ಕೆಟ್ ಸುತ್ತಿದ. ಸಿಗ್ಲಿಲ್ಲ. ಊರಿಗೇ ಬಂದ್ಬಿಟ್ಟ!

ಅವನ ರೂಲ್ ಒಂದೇ. ಈ ವಾರ ಸುತ್ತಮುತ್ತ ಏನು ಬೆಳೆದಿದೆಯೋ ಅದೇ ಅಡುಗೆ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು, ಅವರೆ ಮುಗೀತಾ, ಸಾರೂ ಮುಗೀತು. ಗೋಬಿ ಮಂಚೂರಿ ಕೇಳಿದ್ರೆ ಇಲ್ಲ. ಆ ಕಾಲದಲ್ಲಿ ಗೋಬಿ ಇಲ್ದೆ ಹೋಟೆಲ್ಲಾ? ಬರೋರೇ ಇಲ್ಲ!

ಜಾಗ ಭಾಮೈದ ಗಂಗರಾಜುದು. "ಭಾವ, ಮನೇಲಿ ತಿನ್ನೋ ಸೊಪ್ಪು ತಿನ್ನೋಕೆ ಹೋಟೆಲ್‌ಗೆ ಯಾರು ಬರ್ತಾರೆ? ಏಪ್ರಿಲ್ ಮುಗಿಯೋವರ್ಗೂ ನೋಡ್ತೀನಿ. ಆಮೇಲೆ ಇಲ್ಲಿ ಗೋಬಿ ಸೆಂಟರ್, ಅಷ್ಟೇ" ಅಂದ.

ಮಗಳು ತನುಜ, ಬಿಕಾಂ ಸೆಕೆಂಡ್ ಇಯರ್, ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. "ಮೆನು ಕಾರ್ಡ್ ಇಲ್ದೆ ಎಂಥಾ ಚೆಫ್ ಅಪ್ಪ ನೀನು?" ಅಂತ ತಾನೇ ಕೂತು ಮೆನು ಬರೆದು ಲ್ಯಾಮಿನೇಷನ್ ಮಾಡ್ಸಿದ್ಲು. ಮನೇಲಿ ಎಲ್ಲಾರೂ ತೆಲುಗಲ್ಲಿ 'ಚಿಂತ ಚಿಗುರು ಪಪ್ಪು' ಅಂತಾರಲ್ಲ, ಅವಳು ಕನ್ನಡದಲ್ಲಿ ನೀಟಾಗಿ 'ಚಿಂತೆ ಚಿಗುರು ಪಪ್ಪು' ಅಂತ ಬರೆದಳು. ಕೆಳಗೆ ಇಂಗ್ಲಿಷಲ್ಲಿ, 'ಟೆಂಡರ್ ವರಿ ದಾಲ್'!

ಏಪ್ರಿಲ್ ಮೊದಲನೇ ಭಾನುವಾರ ಮಂಡ್ಯ ಕಡೆಯಿಂದ ಟ್ರಾನ್ಸ್‌ಫರ್ ಆಗಿ ಬಂದಿದ್ದ ಮೇಷ್ಟ್ರು ದಕ್ಷಿಣಾಮೂರ್ತಿ, ಹೆಂಡತಿ ಕನಕಲಕ್ಷ್ಮಿ ಜೊತೆ ಬಂದು ಕೂತ್ರು. ಕಾರ್ಡ್ ನೋಡಿದ್ರು. ಕನ್ನಡಕ ಒರೆಸಿ ಮತ್ತೆ ನೋಡಿದ್ರು.

"ಯಜಮಾನ್ರೇ, ಚಿಂತೆ ನಮ್ಮನೇಲೇ ಬೇಕಾದಷ್ಟಿದೆ. ಇಲ್ಲೂ ಬಡಿಸ್ತೀರಾ?"

"ನಿಮ್ಮದು ಬಲಿತಿರೋದು ಕಣ್ರೀ," ಅಂದ್ರು ಕನಕಲಕ್ಷ್ಮಿ. "ಇದು ಎಳೇದು. ತಿನ್ನಿ."

ತನುಜ ಅಡುಗೆಮನೆಗೆ ಓಡಿದಳು. ಕೊಂಡಪ್ಪನಿಗೆ ಕಿವಿಯೆಲ್ಲ ಬಿಸಿ ಆಯ್ತು. ಒಂದು ಹಿಡಿ ಚಿಗುರು ತಂದು ಅಂಗೈಯಲ್ಲಿ ಉಜ್ಜಿ ಕಡ್ಡಿ ಬಿಡಿಸಿ ತೋರಿಸ್ದ. "ತೆಲುಗಲ್ಲಿ ಹುಣಸೆಗೆ ಚಿಂತ ಅಂತಾರೆ ಸಾರ್. ದಿಬ್ಬೂರಹಳ್ಳಿಯಿಂದ ನಮ್ಮಮ್ಮ ಕಿತ್ತು ಬೆಳಿಗ್ಗೆ ಬಸ್ಸಲ್ಲಿ ಕಳ್ಸಿರೋದು." ಆ ಹುಳಿ ವಾಸನೆ ಮೂಗಿಗೆ ಬಡಿದ ತಕ್ಷಣ ಅವನು ಎಂಟು ವರ್ಷದ ಹುಡುಗ. ಅಮ್ಮ ಎತ್ತಿನ ಗಾಡಿ ಮೇಲೆ ನಿಂತು ಕೊಂಬೆ ಬಗ್ಗಿಸ್ತಾಳೆ, ಮಡಿಲಿಗೆ ಬಿದ್ದ ಚಿಗುರಲ್ಲಿ ಅರ್ಧ ಇವನೇ ತಿಂದು ಹಾಕ್ತಾನೆ, ಹಲ್ಲೆಲ್ಲಾ ಜುಮ್ಮು...

ಮೇಷ್ಟ್ರು ಎರಡು ಮುದ್ದೆ ಮುಗಿಸಿದ್ರು. ಮುಂದಿನ ವಾರ ಇಡೀ ಸ್ಟಾಫ್ ರೂಮೇ ಬಂತು. "ನಾಲ್ಕು ಪ್ಲೇಟ್ ಚಿಂತೆ!" "ಇಲ್ಲಿಗಿನ್ನೊಂಚೂರು ಚಿಂತೆ!" ತನುಜ ಕಾರ್ಡ್ ತಿದ್ದೋಕೆ ಹೋದ್ರೆ ಗಂಗರಾಜು, "ಸುಮ್ನಿರಮ್ಮ, ಅದಕ್ಕೇ ಜನ ಬರ್ತಿರೋದು" ಅಂದ.

ಏಪ್ರಿಲ್ ಕೊನೇ ಭಾನುವಾರ ಆರೂ ಟೇಬಲ್ ಫುಲ್. ಆದ್ರೆ ಆವತ್ತು ಬಸ್ಸಲ್ಲಿ ಬಂದಿದ್ದ ಚಿಗುರು ಬಲಿತು ನಾರಾಗಿತ್ತು.

"ರುಬ್ಬಿ ಹಾಕು ಭಾವ, ಯಾರಿಗ್ ಗೊತ್ತಾಗುತ್ತೆ?" ಗಂಗರಾಜು ಪಿಸುಗುಟ್ಟಿದ. "ಇವತ್ತು ಇವರು ಎದ್ದೋದ್ರೆ ನಾಳೆನೇ ಗೋಬಿ ಸೆಂಟರ್."

"ನನಗೆ ಗೊತ್ತಾಗುತ್ತಲ್ಲೋ," ಅಂದ ಕೊಂಡಪ್ಪ. ಕೈ ಒರೆಸ್ಕೊಂಡು ಹೊರಗೆ ಬಂದ.

"ಚಿಂತೆ ಮುಗೀತು ಸಾರ್. ಇನ್ನು ಬರೋ ವರ್ಷಾನೇ."

ಮುಂದಿನ ಟೇಬಲ್ಲಲ್ಲಿದ್ದ ಮೇಷ್ಟ್ರು ಕಾರ್ಡ್ ಕೆಳಗಿಟ್ಟು, "ಹಂಗಾದ್ರೆ ಇವತ್ತೇನಪ್ಪ?"

"ಮಾವಿನಕಾಯಿ ಪಪ್ಪು."

"ತಡಿ, ಅದಕ್ಕೆ ತೆಲುಗಲ್ಲಿ ಏನಂತಾರೆ ಹೇಳ್ಬಿಡು. ಕೇಳ್ಕೊಂಡೇ ಕೂತ್ಕೊತೀನಿ."

"ಮಾಮಿಡಿಕಾಯಿ ಸಾರ್. ಅದರಲ್ಲೇನೂ ಮೋಸ ಇಲ್ಲ."

ಇಡೀ ಹೋಟೆಲ್ ನಕ್ಕಿದ್ದೇ ನಕ್ಕಿದ್ದು. ಒಬ್ಬರೂ ಏಳ್ಲಿಲ್ಲ! ಎರಡು ಗಂಟೆಗೆಲ್ಲಾ ಪಾತ್ರೆ ತಳ ಕಂಡಿತು. ಆಮೇಲೆ ಬಂದವರಿಗೆ ಗಂಗರಾಜೇ ಬಾಗಿಲಲ್ಲಿ ನಿಂತು, ಏನೋ ತಾನೇ ಬೆಳೆದೋನ ಥರ, "ಖಾಲಿ ಸ್ವಾಮಿ. ನಾಳೆ ಹೊಲದಲ್ಲೇನಿರುತ್ತೋ ಅದು. ಬೇಗ ಬನ್ನಿ" ಅಂತಿದ್ದ.